ಹಲ್ಲಮ್ಮನ ಬಾಯಿ

ಸತ್ತ ಅಮ್ಮ ನಗುತ್ತಿದ್ದಳು. ಸಿಹಿಯಾಗಿ, ತುಟಿ ತುಸುವೇ ಬಿಚ್ಚಿ, ಟೂತ್‌ಪೇಸ್ಟ್ ಜಾಹೀರಾತಿಗೆ ಬಾಡಿಗೆಗೆ ಕರೆತಂದ ಅಜ್ಜಿಯ ಹಾಗೆ ನಗುತ್ತಿದ್ದಳು. ಆಸ್ಪತ್ರೆಯ ಶೀತಲ ಕೋಣೆಯಿಂದ ಆಗಷ್ಟೇ ಬಂದಿದ್ದ ಪೆಟ್ಟಿಗೆ ನಡುಮನೆಯಲ್ಲಿತ್ತು, ಮುಚ್ಚಳ ಗೋಡೆಗೆ ಒರಗಿತ್ತು. ಕಿರಿಮಗಳು ಬಗ್ಗಿ ನೋಡಿದಳು. ಗಂಟಲವರೆಗೆ ಬಂದಿದ್ದ ಅಳು ಅಲ್ಲೇ ನಿಂತುಬಿಟ್ಟಿತು. ಆ ಮುಖದ ಮುಂದೆ ಅಳುವುದಕ್ಕೆ ಅವಳಿಗೆ ಸಂಕೋಚವಾಯಿತು. ಗುರುತು ಪರಿಚಯ ಇಲ್ಲದವರ ಮನೆಗೆ ನುಗ್ಗಿ ಅತ್ತರೆ ಹೇಗಿರುತ್ತದೆ, ಹಾಗೆ.

“ಚೆನ್ನಾಗಿ ಕಾಣ್ತಿದಾಳೆ ಅಲ್ವಾ?” ಅಂದ ಅಣ್ಣ.

“ಯಾರು?”

“ಯಾರು ಅಂದ್ರೆ? ಅಮ್ಮ ಕಣೇ!”

ಈ ಅಣ್ಣನ ವಿಷಯ ಇಲ್ಲೇ ಹೇಳಿ ಮುಗಿಸುವುದು ಒಳ್ಳೆಯದು. ಅವನದು ಬಚ್ಚಲುಮನೆ ಟೈಲ್ಸ್ ಅಂಗಡಿ. ಬೆಳ್ಳಗಿರಬೇಕು, ಚೌಕವಾಗಿರಬೇಕು, ಸಾಲಾಗಿರಬೇಕು. ಅವನ ಪಾಲಿಗೆ ಚೆಂದ ಅಂದರೆ ಅಷ್ಟೇ, ಅದರಾಚೆ ಅರ್ಧ ಇಂಚೂ ಇಲ್ಲ. ಹೆಂಡತಿಯನ್ನು ಆರಿಸಿದ್ದೂ ಅದೇ ಅಳತೆಪಟ್ಟಿ ಹಿಡಿದು. ಈಗ ಆ ಪುಣ್ಯಾತ್ಮ ಹೆತ್ತವ್ವನ ಬಾಯಿಗೂ ಅದೇ ಮಾಲು ಕೂರಿಸಿದ್ದ. ಇಪ್ಪತ್ತೆಂಟು ಹಲ್ಲು, ಒಂದೊಂದೂ ಪಕ್ಕದ್ದರ ಅವಳಿ, ಯಂತ್ರ ಕೊರೆದು ಉಗುಳಿದ್ದು.

“ತೆಗಿ ಅದನ್ನ,” ಅಂದಳು ಕಿರಿಮಗಳು.

“ತೆಗೆದು? ಬೊಚ್ಚುಬಾಯಲ್ಲಿ ಕಳಿಸೋದಾ? ಹನ್ನೊಂದು ಗಂಟೆಗೆ ಜನ ಬರ್ತಾರೆ. ಜೀವಮಾನವೆಲ್ಲ ಹಲ್ಲು ಕಟ್ಟಿದೋಳು, ಕೊನೇ ದಿನ ಬಾಯಿ ಗುಳಿ ಬಿದ್ದಿದ್ರೆ ನಾಲ್ಕು ಜನ ಏನಂತಾರೆ? ಹಳೇ ಹಲ್ಲುಸೆಟ್ಟು ಕಳೆದೋಳು ನೀನು. ಈಗ ನಂಗೆ ಉಪದೇಶ ಬೇರೆ!”

ಅಣ್ಣನ ಬಾಯಿಂದ ವರ್ಷಕ್ಕೊಂದು ನಿಜ ಬೀಳುತ್ತದೆ, ಈ ವರ್ಷದ್ದು ಅದಾಗಿತ್ತು.

ಆ ಹಳೇ ಸೆಟ್ಟಿನ ಕಥೆ ಹೇಳಬೇಕಾದರೆ ಅಮ್ಮನ ಕಥೆ ಹೇಳಬೇಕು. ಬೀದಿಗೆಲ್ಲ ಅವಳು ಹಲ್ಲಮ್ಮ. ಮನೆಗೆ ಬರುವ ಅಂಚೆಯವನೂ ಹಾಗೇ ಕರೆಯುತ್ತಿದ್ದ. ಗಂಡ ಅನ್ನಿಸಿಕೊಂಡವನು ನಗುನಗುತ್ತಾ ಬಂದವನು, ಎರಡು ಮಕ್ಕಳಾದ ಮೇಲೆ ನಗುನಗುತ್ತಲೇ ಹೊರಟುಹೋದ. ಅವಳಿಗಾಗ ಇಪ್ಪತ್ತಾರು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ನೆಲ ಒರೆಸಿ, ಅಚ್ಚಿಗೆ ಪ್ಲಾಸ್ಟರ್ ಕಲೆಸಿದ ಬಟ್ಟಲು ತೊಳೆಯುವ ಕೆಲಸಕ್ಕೆ ಸೇರಿದಳು. ಹಿಂದಿನ ಕೋಣೆಯಲ್ಲಿ ಹಲ್ಲು ಕಟ್ಟುವವನೊಬ್ಬನಿದ್ದ. ಒಂದು ದಿನ ಅವನು ಡಾಕ್ಟರ ಮೇಲೆ ಸಿಟ್ಟಾಗಿ ಅರ್ಧ ಕೆಲಸ ಬಿಟ್ಟು ನಡೆದ. ಮಾರನೆಯ ದಿನವೇ ಒಬ್ಬ ಗಿರಾಕಿಗೆ ಸೆಟ್ಟು ಕೊಡಬೇಕಿತ್ತು. ಡಾಕ್ಟರಿಗೆ ಹಲ್ಲು ಕೀಳುವುದು ಗೊತ್ತಿತ್ತು, ಕಟ್ಟುವುದು ಗೊತ್ತಿರಲಿಲ್ಲ. ತಲೆ ಮೇಲೆ ಕೈಹೊತ್ತು ಕೂತರು. ಅಮ್ಮ ಬಟ್ಟಲು ತೊಳೆಯುತ್ತಲೇ ಎರಡು ವರ್ಷ ಆ ಕೈಗಳನ್ನು ನೋಡಿದ್ದಳು. ಮೇಣ ಕಾಯಿಸಿ, ಹಲ್ಲು ಕೂರಿಸಿ, ಸಂಜೆಯೊಳಗೆ ಸೆಟ್ಟು ಮುಂದಿಟ್ಟಳು. ಡಾಕ್ಟರು ಅದನ್ನು ಗಿರಾಕಿಯ ಬಾಯಿಗಿಟ್ಟು, “ನಾನೇ ಮಾಡಿದ್ದು” ಅಂದರು. ಆಮೇಲೆ ಮೂವತ್ತೆಂಟು ವರ್ಷ ಅದನ್ನೇ ಅನ್ನುತ್ತಾ ಬಂದರು. ನಾಚಿಕೆ ಅನ್ನುವುದು ಅವರ ಓದಿನಲ್ಲಿ ಪಾಠವಾಗಿ ಬಂದಿರಲಿಲ್ಲವೋ ಏನೋ.

ಅಮ್ಮ ಕೆಲಸ ಮಾಡುವ ರೀತಿಯೇ ಬೇರೆ. ಗಿರಾಕಿಗೆ ಸಿಟ್ಟು ಬಂದದ್ದನ್ನು ನೋಡದೆ ಅವಳು ಒಂದು ಹಲ್ಲೂ ಕೂರಿಸುತ್ತಿರಲಿಲ್ಲ. ಕಾಯುವ ಕೋಣೆಗೆ ಒರೆಸುವ ಬಟ್ಟೆ ಹಿಡಿದು ಬರುವಳು. ಯಾರೋ ದೊಡ್ಡ ಮನುಷ್ಯರು, ನಿವೃತ್ತ ಹೆಡ್‌ಮಾಸ್ತರು ಅಂತಿಟ್ಟುಕೊಳ್ಳಿ, ಗಂಭೀರವಾಗಿ ಪೇಪರ್ ಓದುತ್ತಾ ಕೂತಿರುವರು. “ಕಾಲೆತ್ತ್ರೀ! ಇದೇನು ನಿಮ್ಮಪ್ಪ ಕಟ್ಟಿಸಿದ ಮನೇನಾ, ಹಿಂಗೆ ಚಾಚ್ಕೊಂಡು ಕೂರೋಕೆ?” ಅಂತ ಒಂದು ಬಿಡುವಳು. ಹೆಡ್‌ಮಾಸ್ತರು ಬೊಚ್ಚುಬಾಯಲ್ಲೇ ಕೂಗಾಡಿಬಿಡುವರು. ಅಮ್ಮ ಮೂರು ಸೆಕೆಂಡು ಆ ಬಾಯನ್ನೇ ನೆಟ್ಟ ಕಣ್ಣಲ್ಲಿ ನೋಡಿ, ಸಂತೃಪ್ತಿಯಿಂದ ಒಳಗೆ ಹೋಗುವಳು. ಅವರನ್ನು ಸಮಾಧಾನ ಮಾಡಲು ಡಾಕ್ಟರು ಓಡಿ ಬರಬೇಕು. “ನಗೋವಾಗ ಎಲ್ಲಾರೂ ಸುಳ್ಳರೇ,” ಅನ್ನುತ್ತಿದ್ದಳು ಅಮ್ಮ. “ಸಿಟ್ಟಲ್ಲಿ ಬರತ್ತಲ್ಲ, ಅದು ಮನುಷ್ಯನ ಸ್ವಂತ ಬಾಯಿ.”

ಹಾಗೆ ನೋಡಿಕೊಂಡು ಬಂದು, ಒಬ್ಬರಿಗೆ ಮುಂದಿನ ಹಲ್ಲು ಕೂದಲೆಳೆಯಷ್ಟು ತಿರುಚುವಳು, ಇನ್ನೊಬ್ಬರಿಗೆ ಕೋರೆಹಲ್ಲು ತುಸು ಎತ್ತುವಳು. ಆ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದವರು ಗೊಳೋ ಅಂತ ಅತ್ತದ್ದುಂಟು, ಹತ್ತು ವರ್ಷದ ಹಿಂದೆ ಕಳೆದುಕೊಂಡ ಮುಖ ವಾಪಸ್ಸು ಬಂತೆಂದು. ಅತ್ತು, ಡಾಕ್ಟರ ಕೈ ಹಿಡಿದುಕೊಂಡು ಧನ್ಯವಾದ ಹೇಳಿ, ನೆಲ ಒರೆಸುವ ಆ ಗಯ್ಯಾಳಿಯನ್ನು ಕೆಲಸದಿಂದ ತೆಗೆಯಿರಿ ಎಂದು ಬುದ್ಧಿಮಾತೂ ಹೇಳಿ ಹೋಗುತ್ತಿದ್ದರು. ಥೂ, ಇಂಥವರ ಬಾಯಿಗೂ ಅಷ್ಟು ಮುತುವರ್ಜಿಯಿಂದ ಹಲ್ಲು ಕಟ್ಟಿದಳಲ್ಲ!

ಮಕ್ಕಳ ಜೊತೆಗೂ ಅದೇ ನಾಲಿಗೆ. ಕಿರಿಮಗಳು ಶಾಲೆಯಲ್ಲಿ ಮೊದಲನೆಯವಳಾಗಿ ಬಂದಾಗ, “ನೀನೇ ಮೊದಲು ಅಂದ್ರೆ ಉಳಿದೋರು ಇನ್ನೆಷ್ಟು ದಡ್ಡರಿರಬೇಕು!” ಅಂದಳು. ಮುಂದೆ ಗೊತ್ತಾಗಿದ್ದ ಮದುವೆ ಮುರಿದು ಅವಳು ಮೂರು ದಿನ ಹಾಸಿಗೆ ಬಿಟ್ಟೇಳದೆ ಇದ್ದಾಗ, ಅಮ್ಮ ಒಳ್ಳೆ ಬಟ್ಟೆ ಹಾಕಿಕೊಂಡು ಆ ಹುಡುಗನ ಆಫೀಸಿಗೆ ಹೋದಳು. ಅವನೆದುರು ಕುರ್ಚಿ ಎಳೆದುಕೊಂಡು ಕೂತು, ಒಂದು ಮಾತೂ ಆಡದೆ, ಅರ್ಧ ಗಂಟೆ ಅವನ ಬಾಯಿಯನ್ನೇ ನೋಡಿದಳು. ಅವನು ಬೆವತುಹೋದನಂತೆ. ಮನೆಗೆ ಬಂದು, “ಮೇಲಿನ ಸಾಲು ಒಳಗೆ ಬಾಗಿದೆ. ಹೆದರುಪುಕ್ಕಲ. ಹೋಗಿದ್ದೇ ಒಳ್ಳೇದಾಯ್ತು, ಎದ್ದು ಊಟ ಮಾಡು,” ಅಂದಳು. ಕಿರಿಮಗಳು ಎದ್ದು ಊಟ ಮಾಡಿದ್ದಳು.

ಹನ್ನೊಂದು ವರ್ಷ ಅವಳೂ ಅಮ್ಮನ ಪಕ್ಕದ ಮೇಜಿನಲ್ಲಿ ಹಲ್ಲು ಕಟ್ಟಿದಳು. ಹನ್ನೊಂದು ವರ್ಷದಲ್ಲಿ ಒಂದು ‘ಪರವಾಗಿಲ್ಲ’ ಅನ್ನಿಸಿಕೊಳ್ಳಲಿಲ್ಲ. “ನಿನ್ನದು ಕೈಯಲ್ಲ ಕಣೇ, ಸೌಟು.” “ಇದು ಹಲ್ಲೋ, ಕಾಂಪೌಂಡು ಗೋಡೆನೋ?” ಒಂದು ದಿನ ತಾಳ್ಮೆ ಕೆಟ್ಟು ಮೇಣದ ಚಾಕು ಎಸೆದು ಎದ್ದುಹೋಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಆಮೇಲಿಂದ ಅಮ್ಮ ತಿಂಗಳಿಗೊಮ್ಮೆ ಆ ಅಂಗಡಿಗೆ ಬರತೊಡಗಿದಳು, ಕನ್ನಡಕದ ಸ್ಕ್ರೂ ಸಡಿಲವಾಗಿದೆಯೆಂದು. ಗಟ್ಟಿಯಾಗೇ ಇರುತ್ತಿತ್ತು. ಅಂಗಡಿಯನ್ನೂ ಮಾಲೀಕನನ್ನೂ ಮಗಳನ್ನೂ ಒಂದು ಸುತ್ತು ಜರೆದು ವಾಪಸ್ಸು ಹೋಗುತ್ತಿದ್ದಳು. ಅಷ್ಟು ದೂರ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು ಆ ಬೈಗುಳ ತಲುಪಿಸುವುದಕ್ಕೆ.

ಇಂಥ ಬಾಯಿಯನ್ನು ಕಿರಿಮಗಳು ಕಳೆದಿದ್ದಳು. ಆಸ್ಪತ್ರೆಯಲ್ಲಿ, ಹನ್ನೊಂದು ದಿನದ ಹಿಂದೆ. ಊಟವಾದ ಮೇಲೆ ಅಮ್ಮನ ಸೆಟ್ಟು ತೆಗೆದು ತೊಳೆದಳು. ಅಷ್ಟರಲ್ಲಿ ಅಮ್ಮನಿಗೆ ಕೆಮ್ಮು ಹತ್ತಿತು. ನೀರಿನ ಲೋಟ ಕೈಗೆ ಸಿಗಲಿಲ್ಲ, ಕಾಗದದ ಕರವಸ್ತ್ರದಲ್ಲಿ ಸುತ್ತಿ ಊಟದ ತಟ್ಟೆಯ ಅಂಚಿಗಿಟ್ಟಳು, ಒಂದೇ ಒಂದು ನಿಮಿಷಕ್ಕೆ. ವಾರ್ಡಿನವರು ಬಂದು ತಟ್ಟೆ ಎತ್ತಿಕೊಂಡು ಹೋದರು. ಕಸದ ಚೀಲಗಳನ್ನೆಲ್ಲ ಬಿಚ್ಚಿಸಿ ಹುಡುಕಿದಳು, ಸಿಗಲಿಲ್ಲ. ಕಟ್ಟಿದ ಹಲ್ಲನ್ನು ಕಾಗದದಲ್ಲಿ ಸುತ್ತಬಾರದು ಅನ್ನುವುದು ಆ ಕೆಲಸದಲ್ಲಿ ಮೊದಲ ದಿನ ಹೇಳಿಕೊಡುವ ಪಾಠ. ಗಿರಾಕಿಗಳಿಗೆ ಸಾವಿರ ಸಲ ಅವಳೇ ಹೇಳಿದ್ದ ಮಾತು.

ಅಮ್ಮ ಬೈದಳು. ಆದರೆ ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬಂತು. ಇನ್ನೊಮ್ಮೆ ಬೈದಳು. ಮಗಳಿಗೆ ಒಂದಕ್ಷರವೂ ತಿಳಿಯಲಿಲ್ಲ. “ಏನಮ್ಮಾ?” ಎಂದು ಕಿವಿ ಹತ್ತಿರ ತಂದಳು. ಅಮ್ಮ ಅವಳನ್ನು ಒಂದು ಗಳಿಗೆ ನೋಡಿ, ತುಟಿ ಒತ್ತಿ ಮುಚ್ಚಿದಳು. ಆಮೇಲೆ ಮೊನ್ನೆ ಸಂಜೆ ಜೀವ ಹೋಗುವವರೆಗೆ ಒಂಬತ್ತು ದಿನ ಬಾಯಿ ತೆರೆದು ಯಾರಿಗೂ ಏನೂ ಹೇಳಲಿಲ್ಲ.

ನಡುಮನೆಯಲ್ಲಿ ಈಗ ಗಂಟೆ ಎಂಟೂಕಾಲು. ಪೆಟ್ಟಿಗೆಯೊಳಗಿನ ನಗು ಹಾಗೇ ಇತ್ತು.

“ಹನ್ನೊಂದಕ್ಕೆ ತಾನೆ ಜನ ಬರೋದು?” ಕಿರಿಮಗಳು ಕೇಳಿದಳು. “ಅಷ್ಟರೊಳಗೆ ನಾನು ಅಮ್ಮನ ಸೆಟ್ಟು ಮಾಡಿ ತರ್ತೀನಿ.”

“ತಲೆ ಕೆಟ್ಟಿದೆಯಾ ನಿಂಗೆ? ನೀನು ಆ ಕೆಲಸ ಬಿಟ್ಟು ಆರು ವರ್ಷ ಆಯ್ತು.”

“ಸತ್ತೋರಿಗೆ ಅಗಿಯೋ ಕೆಲಸ ಇಲ್ಲ. ಮೇಣದಲ್ಲಿ ಹಲ್ಲು ನಿಲ್ಲಿಸಿದ್ರೆ ಸಾಕು.”

ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ ಹೂವು ಜೋಡಿಸುತ್ತಾ, “ಮಾಡ್ಕೊಳ್ಳಲಿ ಬಿಡ್ರೀ, ಹನ್ನೊಂದರೊಳಗೆ ಆಗಲ್ಲ,” ಅಂದಳು. ಅತ್ತಿಗೆಯ ಬೆಂಬಲ ಯಾವಾಗಲೂ ಈ ಜಾತಿಯದೇ.

ಹಿತ್ತಲ ಕಡೆಯ ಕೋಣೆಯಲ್ಲಿ ಅಮ್ಮನ ಮೇಜಿತ್ತು. ಹೋದ ವರ್ಷ ಕ್ಲಿನಿಕ್ಕಿಗೆ ಹಲ್ಲು ಮಾಡುವ ಯಂತ್ರ ಬಂದಾಗ ಡಾಕ್ಟರು ಅವಳ ಮೇಜು, ಸ್ಪಿರಿಟ್ ದೀಪ, ಅಚ್ಚುಗಳನ್ನೆಲ್ಲ ಟೆಂಪೋಗೆ ಹೇರಿಸಿ ಮನೆಗೆ ಕಳಿಸಿದ್ದರು. ಜೊತೆಗೆ ಯಂತ್ರದಲ್ಲಿ ಮಾಡಿಸಿದ ಈ ಬಿಳಿ ಸೆಟ್ಟು, ನಲವತ್ತು ವರ್ಷದ ಸೇವೆಯ ಗೌರವಕ್ಕಂತೆ. ಅಮ್ಮ ಡಬ್ಬಿ ತೆರೆದು ನೋಡಿ, “ನಿನ್ನ ಅಂಗಡಿ ಮಾಲು ಬಂದಿದೆ ನೋಡೋ,” ಎಂದು ಅಣ್ಣನ ಕಡೆ ತಳ್ಳಿದ್ದಳು.

ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರಿನ ಅಚ್ಚುಗಳು, ಮೂವತ್ತೆಂಟು ವರ್ಷದ ವಸಡುಗಳು. ಕೆಳಗೆ ಪೆನ್ಸಿಲಿನಲ್ಲಿ ಅಮ್ಮನ ಬರಹ. ಗಿರಾಕಿಯ ಹೆಸರು ಬರೆದು ಅವಳಿಗೆ ಅಭ್ಯಾಸವಿರಲಿಲ್ಲ. ‘ಬಡಾಯಿ.’ ‘ಮಾತಿಗಿಂತ ಎಂಜಲು ಜಾಸ್ತಿ.’ ‘ಸೊಸೆ ಪ್ರಾಣ ತಿನ್ನೋಳು.’ ‘ಪಾಪದೋನು, ಹೆಂಡತಿ ಜೋರು.’ ‘ಡಾಕ್ಟರು, ಮೇಲಿನದು, ಎರಡನೇ ಸಲ.’ ಹೌದು ಮತ್ತೆ, ಡಾಕ್ಟರ ಬಾಯಲ್ಲೂ ಅವಳದೇ ಹಲ್ಲು. ಕೊನೆಯ ಹಲಗೆಯಲ್ಲಿ ಧೂಳು ಹಿಡಿದ ಒಂದು ಜೋಡಿ, ‘ನಾನು’ ಎಂದು.

ಕಿರಿಮಗಳು ಅದನ್ನು ದವಡೆಯಂತೆ ತೆರೆದು ಮುಚ್ಚುವ ಕೀಲಿನ ಹಿತ್ತಾಳೆ ಚೌಕಟ್ಟಿಗೆ ಬಿಗಿದಳು. ದೀಪ ಹಚ್ಚಿದಳು. ಗುಲಾಬಿ ಮೇಣದ ಹಾಳೆ ಕಾಯಿಸಿ ಅಚ್ಚಿನ ಮೇಲೆ ಒತ್ತಿದಳು. ಸಿದ್ಧ ಹಲ್ಲುಗಳನ್ನು ಅಂಟಿಸಿದ ಪಟ್ಟಿಗಳ ಡಬ್ಬಿಯಿಂದ ಅತಿ ಹಳದಿಯ ಪಟ್ಟಿ ಆರಿಸಿದಳು. ಮೊದಲ ಹಲ್ಲು ಹಿಡಿದ ಕೈ ಅಲ್ಲೇ ನಿಂತಿತು. ಅಮ್ಮನ ಬಾಯಿ ಹೇಗಿತ್ತು? ಅಮ್ಮ ಫೋಟೋಗೆ ಹಲ್ಲು ತೋರಿಸಿದವಳಲ್ಲ. ನೋಡಿ ಮಾಡಲು ಒಂದು ಚಿತ್ರವೂ ಇರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಸಿಟ್ಟಿನ ಬಾಯಿ ನೋಡಬೇಕು ಅನ್ನುತ್ತಿದ್ದಳಲ್ಲ ಅಮ್ಮ. ನಲವತ್ಮೂರು ವರ್ಷ ಅವಳು ನೋಡಿದ್ದು ಮತ್ತಿನ್ನೇನು? ಬೇರೆಯವರಿಗೆ ಅವರಮ್ಮಂದಿರ ಲಾಲಿ ನೆನಪಿರುತ್ತದೆ, ಇವಳಿಗೆ ಬೈಗುಳ ಒಂದೊಂದೂ ಕಂಠಪಾಠ.

ಒಂದೊಂದಾಗಿ ನೆನೆಯುತ್ತಾ ಕೂರಿಸತೊಡಗಿದಳು. ‘ಸೌಟು’ ಅಂದಾಗ ಮೇಲಿನ ಎಡಗಡೆ ಮುಂದಿನ ಹಲ್ಲು ಒಳಕ್ಕೆ ತಿರುಗಿದ್ದು ಕಾಣುತ್ತಿತ್ತು. ಅದನ್ನು ತಿರುಗಿಸಿದಳು. ‘ಥೂ’ ಅಂದಾಗ ಕೋರೆಹಲ್ಲು ತುಟಿಯನ್ನು ಒಂದು ಕಡೆ ಎತ್ತುತ್ತಿತ್ತು. ಎತ್ತಿದಳು. ‘ಹೆದರುಪುಕ್ಕಲ’ ಅಂದ ದಿನ ಕೆಳಗಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿದ್ದು ಕಂಡಿತ್ತು, ಅಮ್ಮನಿಗೆ ಆಗ ಸ್ವಂತ ಹಲ್ಲೇ ಇದ್ದವು, ಅವನ್ನೇ ಆಮೇಲೆ ತನ್ನ ಸೆಟ್ಟಿನಲ್ಲೂ ನಕಲು ಮಾಡಿಕೊಂಡಿದ್ದಳು. ಅವೂ ಕೂತವು. ಕಿರಿಮಗಳ ಬಾಯಿ ತಾನಾಗಿ ಆ ಮಾತುಗಳನ್ನು ಗುನುಗುತ್ತಿತ್ತು, ಅಮ್ಮನ ಧಾಟಿಯಲ್ಲೇ.

ಮುಂದಿನ ಹನ್ನೆರಡು ಹಲ್ಲು ಮುಗಿಯುವಾಗ ಹತ್ತು ಗಂಟೆ. ಹಿಂದಿನ ದವಡೆಗೆ ಮೇಣದ ದಿಂಡು ಇಟ್ಟರೂ ಕೆನ್ನೆ ನಿಲ್ಲುತ್ತದೆ, ಒಳಗೆ ಹಲ್ಲಿದೆಯೋ ಇಲ್ಲವೋ ಯಾರು ನೋಡುತ್ತಾರೆ ಅಂದುಕೊಂಡಳು. ಅಂದುಕೊಂಡದ್ದೇ ತಡ ತನ್ನ ಮೇಲೇ ಹೇಸಿಗೆಯಾಯಿತು. ಯಾರು ನೋಡ್ತಾರೆ ಅನ್ನುವುದು ಅಣ್ಣನ ಟೈಲ್ಸ್ ಕೂರಿಸುವವರ ಮಾತು. ಹದಿನಾರು ದವಡೆಹಲ್ಲನ್ನೂ ಕೂರಿಸಲು ಕೂತಳು.

ಗೋಡೆಯಾಚೆಯಿಂದ ಡಾಕ್ಟರ ದನಿ ಕೇಳಿತು. ಎಪ್ಪತ್ತಾರರ ಮುದುಕ, ಎಲ್ಲರಿಗಿಂತ ಮೊದಲೇ ಬಂದು ನಡುಮನೆಯಲ್ಲಿ ಅಣ್ಣನೆದುರು ಭಾಷಣ ಶುರುಮಾಡಿದ್ದರು. “ಸದಾ ನಗುಮುಖ. ಅವರ ಬಾಯಿಂದ ಒಂದು ಕೆಟ್ಟ ಮಾತು ಬಂದಿದ್ದು ನಾನು ಕೇಳಿಲ್ಲ. ಸೌಮ್ಯ ಅಂದ್ರೆ ಸೌಮ್ಯ. ನನ್ನ ಕೈಕೆಳಗೆ ಕಲಿತು…” ಅಬ್ಬಬ್ಬಾ! ಇದೇ ಅಮ್ಮ ಇದೇ ಡಾಕ್ಟರನ್ನು ಪ್ರತಿ ದಿನ ಬೆಳಿಗ್ಗೆ ‘ಕೀಳೋಕೆ ಹುಟ್ಟಿದೋನು’ ಎಂದು ಕರೆದೇ ಕೆಲಸ ಶುರು ಮಾಡುತ್ತಿದ್ದಳು. ಆ ಬಿಳಿ ನಗು ಬಾಯಲ್ಲಿರುವವರೆಗೆ ಯಾರು ಏನು ಹೇಳಿದರೂ ಅವಳಿಗೆ ಒಪ್ಪುವಂತೆ ಕಾಣುತ್ತಿತ್ತು, ಅದೇ ದೊಡ್ಡ ಅನ್ಯಾಯ. ಹನ್ನೊಂದು ಗಂಟೆಗೆ ಊರೆಲ್ಲ ಬಂದು ಆ ಸೌಮ್ಯ ಮುದುಕಿಯನ್ನು ನೋಡಿ, ಅದನ್ನೇ ಅಮ್ಮ ಎಂದು ನೆನಪಿಟ್ಟುಕೊಂಡು ಹೋಗುತ್ತದೆ.

ಹತ್ತೂಮುಕ್ಕಾಲಿಗೆ ಕೊನೆಯ ಹಲ್ಲು ಕೂತಿತು. ಸೆಟ್ಟನ್ನು ತಣ್ಣೀರಿನ ಬಟ್ಟಲಲ್ಲಿಟ್ಟುಕೊಂಡು ನಡುಮನೆಗೆ ಬಂದಳು.

“ಡಾಕ್ಟ್ರೇ, ಆ ಸೆಟ್ಟು ತೆಗೀರಿ. ಇದನ್ನ ಹಾಕಬೇಕು.”

ಡಾಕ್ಟರು ಹುಬ್ಬೇರಿಸಿದರು. “ಏನಮ್ಮಾ ಇದು, ಈ ಹೊತ್ತಲ್ಲಿ? ಅದು ಎಷ್ಟು ಚೆನ್ನಾಗಿ ಕೂತಿದೆ. ನಾನೇ ಅಳತೆ ಕೊಟ್ಟು…”

“ಕಟ್ಟೋದು ನಿಮಗೆ ಬರಲ್ಲ, ಅದು ನಂಗೂ ಗೊತ್ತು, ನಿಮಗೂ ಗೊತ್ತು. ದವಡೆ ಬಿಡಿಸೋದಾದ್ರೂ ಬರಬೇಕಲ್ಲ? ಅದೊಂದು ಮಾಡಿ. ನಲವತ್ತು ವರ್ಷ ಅವಳ ಹಲ್ಲಲ್ಲಿ ಅನ್ನ ತಿಂದಿದೀರಿ.”

“ಏಯ್, ದೊಡ್ಡೋರ ಹತ್ರ ಹೀಗಾ ಮಾತಾಡೋದು?” ಅಣ್ಣ ಮುಂದೆ ಬಂದ.

ಡಾಕ್ಟರು ಕೈಯೆತ್ತಿ ಅವನನ್ನು ತಡೆದರು. ಬಟ್ಟಲಿನಿಂದ ಮೇಲಿನ ಸೆಟ್ಟು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು. ಹಿಂದಿನ ದವಡೆಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು.

“ಇದು ಅವಳ ಬಾಯೇ,” ಅಂದರು ಕೊನೆಗೆ. ಅಷ್ಟು ವರ್ಷದಲ್ಲಿ ಅವರು ಆಡಿದ ಮೊದಲ ಪ್ರಾಮಾಣಿಕ ಮಾತು.

ಸತ್ತು ಎರಡು ದಿನವಾಗುತ್ತಾ ಬಂದಿತ್ತು, ಸೆಟೆದಿದ್ದ ದವಡೆ ಸಡಿಲಾಗಿತ್ತು. ಡಾಕ್ಟರು ಎರಡೂ ಕೈಯಿಂದ ಮೆಲ್ಲಗೆ ಬಿಡಿಸಿದರು. ಬಿಳಿ ಸಾಲು ಹೊರಬಂತು, ಕಿರಿಮಗಳು ಅದನ್ನು ಅಣ್ಣನ ಕೈಗೆ ತುರುಕಿದಳು. ಮೇಣದ ಸೆಟ್ಟನ್ನು ತಾನೇ ಒಳಗಿಟ್ಟಳು. ಬದುಕಿರುವ ಬಾಯಲ್ಲಿ ಮೇಣವನ್ನು ಹೆಚ್ಚು ಹೊತ್ತು ಬಿಡುವಂತಿಲ್ಲ, ಬಿಸಿಗೆ ಮೆತ್ತಗಾಗಿ ಹಲ್ಲು ಜಾರಿಬಿಡುತ್ತವೆ. ಅಭ್ಯಾಸಬಲದಿಂದ ಅವಳ ಬೆರಳು ಅವಸರ ಮಾಡಿದವು. ಆಮೇಲೆ ಒಳಗಿನ ತಣುಪು ತಾಕಿತು. ಅವಸರವೇನೂ ಇರಲಿಲ್ಲ.

ಡಾಕ್ಟರು ದವಡೆ ಮುಚ್ಚಿದರು. ಕಿರಿಮಗಳು ತುಟಿ ಸರಿಮಾಡಿ ಹಿಂದೆ ಸರಿದಳು.

ನಗು ಹೋಗಿತ್ತು. ಕೋರೆಹಲ್ಲು ಮೇಲ್ದುಟಿಯನ್ನು ಎಡಗಡೆ ಒಂದಿಷ್ಟು ಎತ್ತಿ ಹಿಡಿದಿತ್ತು, ಇನ್ನೊಂದು ತುದಿ ಕೆಳಗಿಳಿದಿತ್ತು. ಹತ್ತಿರ ನಿಂತ ನಾಲ್ವರನ್ನೂ, ಅತ್ತಿಗೆಯ ಹೂವನ್ನೂ, ಇಡೀ ಏರ್ಪಾಡನ್ನೂ ಒಟ್ಟಿಗೆ ಮೂಗು ಮುರಿದು ನೋಡುತ್ತಿದ್ದ ಬಾಯಿ. ಇನ್ನೇನು ಉಸಿರೆಳೆದುಕೊಂಡು ಶುರುಮಾಡುತ್ತಾಳೆ ಅನ್ನಿಸುವಂತಿತ್ತು. ಡಾಕ್ಟರು ತಮಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಹೋಗಿ ಕೋಟಿನ ಗುಂಡಿ ಹಾಕಿಕೊಂಡರು. ಭಾಷಣ ಅಲ್ಲಿಗೆ ನಿಂತಿತು, ಆಮೇಲೂ ಮುಂದುವರಿಯಲಿಲ್ಲ.

ಅಣ್ಣ ಮಾತ್ರ ಕದಲಲಿಲ್ಲ. ಎರಡು ದಿನದಿಂದ ಹೂವು, ಗಾಡಿ, ಕುರ್ಚಿ ಎಂದು ಓಡಾಡಿ ಒಂದು ಹನಿ ಕಣ್ಣೀರು ಹಾಕದವನು, ಬಿಳಿ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದು, ಐದು ವರ್ಷದ ಹುಡುಗನ ಹಾಗೆ ಗದ್ದ ನಡುಗಿಸುತ್ತಾ ಅಮ್ಮನ ಮುಖವನ್ನೇ ನೋಡಿದ.

“ನಾನೇನ್ ಮಾಡ್ದೆ ಅಮ್ಮಾ?” ಅಂದ. “ಚೆನ್ನಾಗಿ ಕಾಣ್ಲಿ ಅಂತ ತಾನೆ…”

ಬಿಕ್ಕಿ ಬಿಕ್ಕಿ ಅಳುತ್ತಾ ನೆಲಕ್ಕೆ ಕೂತ. ಕಿರಿಮಗಳು ಅವನ ಪಕ್ಕದಲ್ಲಿ ಕುಸಿದಳು. ಅವಳು ಹಟ ಹಿಡಿದು ಗೆದ್ದಿದ್ದಳು, ಬಾಯಿ ವಾಪಸ್ಸು ಕೊಟ್ಟಿದ್ದಳು, ಆ ಕೆಲಸದ ಸಂಭ್ರಮದಲ್ಲಿ ಮುಂದೇನೆಂದು ಯೋಚಿಸಿರಲಿಲ್ಲ. ಇಷ್ಟು ಹೊತ್ತೂ ಪೆಟ್ಟಿಗೆಯಲ್ಲಿ ಸತ್ತು ಮಲಗಿದ್ದವಳು ಯಾರೋ ಒಬ್ಬ ಸೌಮ್ಯ ಹೆಂಗಸು.

ಈಗ ಅಮ್ಮ ಸತ್ತಿದ್ದಳು.